ಮೂಳೆ ಕ್ಯಾನ್ಸರ್ ಆಪರೇಷನ್: ಅರಿವಳಿಕೆಯ ತಯಾರಿ ಹೇಗೆ?

ಮೂಳೆ ಕ್ಯಾನ್ಸರ್ ರೋಗಿಗಳಲ್ಲಿ ಹಲವರು ಆಪರೇಷನ್‌ಗೆ ಬರುವ ಹೊತ್ತಿಗೆ ಕೆಲವು ಸುತ್ತು ಕಿಮೋ ಮುಗಿಸಿರುತ್ತಾರೆ. ಗಡ್ಡೆಯ ಚಿಂತೆ ಸರ್ಜನ್‌ಗೆ. ಕಿಮೋ ದೇಹದಲ್ಲಿ ಏನೇನು ಬಿಟ್ಟುಹೋಗಿದೆ ಎಂಬ ಚಿಂತೆ ಅರಿವಳಿಕೆ ತಜ್ಞರಿಗೆ.

ಮೊದಲು ಕಿಮೋ ಚೀಟಿ ಓದಬೇಕು. ಡಾಕ್ಸೊರುಬಿಸಿನ್ ಎಂಬ ಕಿಮೋ ಔಷಧ ಹೃದಯದ ಸ್ನಾಯುವನ್ನು ಸೊರಗಿಸುತ್ತದೆ. ಒಟ್ಟು ಡೋಸ್ ಪ್ರತಿ ಚದರ ಮೀಟರ್‌ಗೆ 450–550 ಮಿ.ಗ್ರಾಂ ದಾಟಿದರೆ ಅಪಾಯ ಜೋರಾಗಿ ಏರುತ್ತದೆ. ಅದಕ್ಕಿಂತ ಕಡಿಮೆಯಿದ್ದವರಿಗೂ ತೊಂದರೆ ಆಗಿದ್ದುಂಟು. ಹಾಗಾಗಿ ಇಸಿಜಿ ಸಾಲದು, ಎಕೋ (ಹೃದಯದ ಸ್ಕ್ಯಾನ್) ಬೇಕೇ ಬೇಕು. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕಿಮೋ ಔಷಧ ಪಡೆದವರಲ್ಲಿ ಮೂತ್ರದ ಮೂಲಕ ಮೆಗ್ನೀಸಿಯಂ ಸೋರುತ್ತದೆ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಮಾತ್ರ ನೋಡಿ ಸುಮ್ಮನಾದರೆ, ಟೇಬಲ್ ಮೇಲೆ ಹೃದಯದ ಲಯ ತಪ್ಪಿದಾಗ ಕಾರಣ ಹುಡುಕಬೇಕಾಗುತ್ತದೆ. ಇಂಥವರಿಗೆ ನೋವಿಗೆಂದು ಡೈಕ್ಲೊಫೆನಾಕ್ ಕೊಡುವುದು ನೊಂದ ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು. ಕಾಲು ಜೋಮು ಹಿಡಿದಿದ್ದರೆ ಮೊದಲೇ ಬರೆದಿಡಿ. ಇಲ್ಲವಾದರೆ ಆಮೇಲೆ ಬ್ಲಾಕ್ (ನರವನ್ನು ಮರಗಟ್ಟಿಸುವ ಚುಚ್ಚುಮದ್ದು) ಮೇಲೆ ದೂರು ಬರುತ್ತದೆ.

ಕಿಮೋ ಮುಗಿದು ಸುಮಾರು ಮೂರು ವಾರಕ್ಕೆ ರಕ್ತಕಣಗಳು ಚೇತರಿಸುತ್ತವೆ. ಎಪಿಡ್ಯೂರಲ್ (ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ನೋವು ತಡೆಯುವ ವಿಧಾನ) ಹಾಕಲು ಪ್ಲೇಟ್‌ಲೆಟ್ 80,000ದಿಂದ 1 ಲಕ್ಷವಾದರೂ ಇರಲಿ ಎಂಬುದು ಬಹುತೇಕರ ರೂಢಿ. ಬೆನ್ನುಮೂಳೆಗೇ ಕ್ಯಾನ್ಸರ್ ಹರಡಿದ್ದರೆ ಆ ದಾರಿ ಬೇಡ. ಬೇರೆಡೆಯಿಂದ ಮೂಳೆಗೆ ಹರಡಿದ ಕ್ಯಾನ್ಸರ್ ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆಯೇ ಎಂದೂ ನೋಡಿ.

ಉಪವಾಸ ಎಂದಿನಂತೆ: ಘನ ಆಹಾರಕ್ಕೆ ಕನಿಷ್ಠ 6 ಗಂಟೆ, ತಿಳಿ ನೀರಿಗೆ 2. ಆದರೆ ಉಪವಾಸದ ಹೆಸರಿನಲ್ಲಿ ಬೆಳಗಿನ ಮಾರ್ಫಿನ್ ಮಾತ್ರೆ ತಪ್ಪಿಸುವುದು ಪದೇ ಪದೇ ಆಗುವ ತಪ್ಪು. ದಿನವೂ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಆ ಡೋಸ್ ಮುಂದುವರಿಯಬೇಕು. ಆಪರೇಷನ್ ನೋವಿನ ಔಷಧ ಅದರ ಮೇಲಿನ ಲೆಕ್ಕ. ಫೆಂಟಾನಿಲ್ ಪಟ್ಟಿ ಅಂಟಿಸಿದ್ದರೆ ಅದರ ಮೇಲೆ ಬಿಸಿಗಾಳಿ ಹೊದಿಕೆ ಬೀಳಬಾರದು. ಬಿಸಿಗೆ ಔಷಧ ವೇಗವಾಗಿ ಒಳಸೇರಿ ಉಸಿರು ಕುಗ್ಗೀತು.

ಟೇಬಲ್‌ಗೆ ಎತ್ತಿಹಾಕುವಾಗಲೇ ಟೊಳ್ಳಾದ ಮೂಳೆ ಮುರಿಯಬಹುದು, ಕಾಲಿಗೆಂದೇ ಒಬ್ಬರು ಕೈಯಾಸರೆ ಕೊಟ್ಟು ನಿಲ್ಲಬೇಕು. ಟೂರ್ನಿಕೆ (ರಕ್ತ ಹರಿಯದಂತೆ ಬಿಗಿಯುವ ಪಟ್ಟಿ) ಕಟ್ಟುವುದಾದರೆ ಕಾಲನ್ನು ಮೇಲೆತ್ತಿ ರಕ್ತ ಇಳಿಸಿದರೆ ಸಾಕು. ರಬ್ಬರ್ ಪಟ್ಟಿ ಸುತ್ತಿ ಹಿಂಡಿದರೆ ಗಡ್ಡೆಯ ಕಣಗಳು ರಕ್ತಕ್ಕೆ ಸೇರುವ ಭಯವಿದೆ. ಸೊಂಟದ ಮೂಳೆಯ ಗಡ್ಡೆಗೆ ಟೂರ್ನಿಕೆಯ ಅನುಕೂಲವೇ ಇಲ್ಲ. ರಕ್ತನಾಳಕ್ಕೆ ಎರಡು ದಪ್ಪ ಕ್ಯಾನುಲಾ (ಸೂಜಿಕೊಳವೆ), ಬಿಪಿಯನ್ನು ಕ್ಷಣಕ್ಷಣವೂ ತೋರಿಸುವ ಅಪಧಮನಿ ಲೈನ್, ಹೊಂದಾಣಿಕೆ ನೋಡಿಟ್ಟ ರಕ್ತ ಸಿದ್ಧವಿಲ್ಲದೆ ಕತ್ತಿ ಮುಟ್ಟಿಸುವಂತಿಲ್ಲ.

ಅತ್ಯಂತ ಎಚ್ಚರದ ಗಳಿಗೆ ಕೃತಕ ಕೀಲನ್ನು ಮೂಳೆಗೆ ಕೂರಿಸುವ ಅಂಟಾದ ಬೋನ್ ಸಿಮೆಂಟ್ ತುಂಬುವಾಗ. ಒತ್ತಡಕ್ಕೆ ಮಜ್ಜೆಯ ಕೊಬ್ಬು ಶ್ವಾಸಕೋಶದ ರಕ್ತನಾಳ ಸೇರಿ ಬಿಪಿ, ಆಮ್ಲಜನಕ ಎರಡೂ ಕುಸಿಯಬಹುದು. ಪೂರ್ಣ ಅರಿವಳಿಕೆಯಲ್ಲಿದ್ದವರ ನಿಶ್ವಾಸದ ಕಾರ್ಬನ್ ಡೈಆಕ್ಸೈಡ್ ಹಠಾತ್ತನೆ ಇಳಿದರೆ ಅದೇ ಮೊದಲ ಸುಳಿವು. ಸರ್ಜನ್ ‘ಸಿಮೆಂಟ್’ ಎಂದು ಕೂಗಿ ಹೇಳಬೇಕು. ಅಷ್ಟರೊಳಗೆ ಆಮ್ಲಜನಕ ಏರಿಸಿ, ದ್ರವದ ಕೊರತೆ ತುಂಬಿ, ಬಿಪಿ ಏರಿಸುವ ಸಿರಿಂಜ್ ಕೈಯಲ್ಲಿ ಹಿಡಿದಿರಬೇಕು.

ಆಪರೇಷನ್ ಮುಗಿದ ಮೇಲೆ ಪಾದ ಮೇಲೆತ್ತಲು ಬರುತ್ತದೆಯೇ ಎಂದು ಸರ್ಜನ್ ನೋಡುವವರೆಗೆ ದಟ್ಟ ಬ್ಲಾಕ್ ತಡೆದಿಡುವುದು ಜಾಣತನ. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಚುಚ್ಚುಮದ್ದು ಶುರುವಾಗಿದ್ದರೆ, ಎನಾಕ್ಸಪರಿನ್ (ಒಂದು ಬಗೆಯ ಹೆಪಾರಿನ್) 40 ಮಿ.ಗ್ರಾಂ ಕೊಟ್ಟು 12 ಗಂಟೆಯಾದ ಮೇಲೆ ಎಪಿಡ್ಯೂರಲ್ ಕೊಳವೆ ತೆಗೆಯಬೇಕು, ಮುಂದಿನ ಡೋಸ್‌ಗೆ ಇನ್ನೂ 4 ಗಂಟೆ ಕಾಯಬೇಕು.