ಸೈಟು ಹುಡುಕ್ತಿದ್ದೀರಾ? ಮಾರುವವರ ಮಾತಿನಲ್ಲಿ ಟೈಪ್ ಮಾಡಿ

ನಮ್ಮಣ್ಣನಿಗೆ ಕೆಂಗೇರಿ ಕಡೆ ಒಂದು 30×40 ಸೈಟು ಬೇಕಿತ್ತು. ಮೂರು ವಾರ ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ‘ಕೆಂಗೇರಿ ಸೈಟ್’ ಅಂತ ಹುಡುಕಿದ. ಬಂದಿದ್ದೆಲ್ಲ ಅಪಾರ್ಟ್‌ಮೆಂಟ್ ಜಾಹೀರಾತು. ಕೊನೆಗೆ ಹಿಡಿಸಿದ ಸೈಟು ಸಿಕ್ಕಾಗ ನೋಡಿದರೆ, ಆ ಜಾಹೀರಾತಿನಲ್ಲಿ ‘ಸೈಟ್’ ಅನ್ನೋ ಪದವೇ ಇರಲಿಲ್ಲ. ‘ರೆಸಿಡೆನ್ಶಿಯಲ್ ಪ್ಲಾಟ್, 1200 ಸ್ಕ್ವೇರ್ ಫೀಟ್, ಕೆಂಗೇರಿ ಸ್ಯಾಟಲೈಟ್ ಟೌನ್’ ಅಂತ ಇತ್ತು. ನಾವು ಸೈಟು ಅನ್ನುವುದನ್ನು ಮನೆ, ಸೈಟಿನ ಜಾಹೀರಾತು ಹಾಕುವ ದೊಡ್ಡ ವೆಬ್ ಪೋರ್ಟಲ್‌ಗಳು ಪ್ಲಾಟ್ ಅನ್ನುತ್ತವೆ. ನಾವು ಉಪನಗರ ಅಂದರೆ ಅವರು ಸ್ಯಾಟಲೈಟ್ ಟೌನ್ ಅಂತಾರೆ. ಅದಕ್ಕೇ ಹೇಳುವುದು, ಮಾರುವವರು ಏನಂತ ಬರೆದಿರ್ತಾರೆ ಅನ್ನೋದನ್ನ ಮೊದಲು ಯೋಚಿಸಿ.

ಕೆಲಸ ಶುರುವಾಗುವುದು ಫೋನಿನಲ್ಲಿ ಅಲ್ಲ, ಹಾಳೆಯ ಮೇಲೆ. ನಿಮಗೆ ಬೇಕಾದ ಒಂದೊಂದು ವಿಷಯಕ್ಕೂ ಎಷ್ಟು ಹೆಸರಿದೆ ಅಂತ ಬರೆದುಕೊಳ್ಳಿ. ಅಳತೆಗೆ 30×40, ‘30 ಬೈ 40’, 1200 ಸ್ಕ್ವೇರ್ ಫೀಟ್. ಸ್ಕ್ವೇರ್ ಫೀಟನ್ನೇ ಒಬ್ಬರು ಬಿಡಿಸಿ ಬರೆದರೆ ಇನ್ನೊಬ್ಬರು ಕೂಡಿಸಿ ಬರೀತಾರೆ. ಬಡಾವಣೆಗಳ ಕಥೆ ಇನ್ನೂ ದೊಡ್ಡದು. ನಾಡಪ್ರಭು ಕೆಂಪೇಗೌಡ ಬಡಾವಣೆ ಬ್ರೋಕರ್‌ಗಳ ಬಾಯಲ್ಲಿ ‘ಎನ್‌ಪಿಕೆಎಲ್’. ವಿಶ್ವೇಶ್ವರಯ್ಯ ಬಡಾವಣೆ ‘ಸರ್ ಎಂವಿ ಲೇಔಟ್’. ರಾಜರಾಜೇಶ್ವರಿ ನಗರ ‘ಆರ್‌ಆರ್ ನಗರ’. ಊರಿನ ಹೆಸರುಗಳೇ 2014ರ ನವೆಂಬರ್ 1ರಂದು ಬದಲಾದರೂ ಜಾಹೀರಾತುಗಳಲ್ಲಿ ಬ್ಯಾಂಗಲೋರ್, ಮೈಸೂರ್, ಹುಬ್ಳಿ, ಶಿಮೊಗಾ ಇನ್ನೂ ಓಡಾಡುತ್ತಿವೆ. ಎರಡನ್ನೂ ಹಾಕಿ ನೋಡಬೇಕು. ಹಾಗೇ ಚಲ್ಲಘಟ್ಟ, ಕೊಮ್ಮಘಟ್ಟದಂಥ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಚ್ ಅಕ್ಷರ ಒಬ್ಬರು ಹಾಕ್ತಾರೆ, ಒಬ್ಬರು ಬಿಡ್ತಾರೆ.

ಬಾಡಿಗೆ ಮನೆ ಹುಡುಕುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ‘ಲೀಸ್’ ಅಂದರೆ ಸಾಮಾನ್ಯವಾಗಿ ಭೋಗ್ಯ, ಅಂದರೆ ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು. ನಿಮಗೆ ಬೇಕಿರುವುದು ಬಾಡಿಗೆಯಾದರೆ ‘ರೆಂಟ್’ ಅಂತಲೇ ಬರೆಯಿರಿ.

ಈಗ ಗೂಗಲ್‌ಗೆ ಬನ್ನಿ. ಇಲ್ಲಿ ಹೇಳುವ ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಎರಡು ಮೂರು ಪದ ಒಟ್ಟಿಗೇ, ಅದೇ ಕ್ರಮದಲ್ಲಿ ಬರಬೇಕು ಅಂದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ: "ಕೆಂಗೇರಿ ಸ್ಯಾಟಲೈಟ್ ಟೌನ್". ಇದೂ ಆಗಬಹುದು ಅದೂ ಆಗಬಹುದು ಅನ್ನುವ ಕಡೆ ನಡುವೆ ‘ಆರ್’ (OR) ಅನ್ನೋ ಇಂಗ್ಲಿಷ್ ಪದ ಹಾಕಿ, ಎರಡೂ ಅಕ್ಷರ ದೊಡ್ಡದಾಗಿರಲಿ: ಸೈಟ್ ಆರ್ ಪ್ಲಾಟ್. ಬೇಡದ್ದಕ್ಕೆ ಮೈನಸ್. ಅಪಾರ್ಟ್‌ಮೆಂಟ್ ಬೇಡವಾದರೆ ಆ ಪದಕ್ಕೆ ಮೊದಲು ಮೈನಸ್ ಚಿಹ್ನೆ, ನಡುವೆ ಜಾಗ ಬಿಡಬಾರದು. ಅಣ್ಣನ ಹುಡುಕಾಟಕ್ಕೆ ಅಪಾರ್ಟ್‌ಮೆಂಟ್, ವಿಲ್ಲಾ, ಪಿಜಿ ಈ ಮೂರಕ್ಕೆ ಮೈನಸ್ ಹಾಕಿದ ಮೇಲೆ ಅರ್ಧ ಕಸ ಹೋಯಿತು.

ಒಂದೇ ಪೋರ್ಟಲ್ ಒಳಗೆ ಹುಡುಕಬೇಕಾದರೆ ‘ಸೈಟ್’ ಅಂತ ಬರೆದು, ಅದಕ್ಕೆ ಅಂಟಿಸಿ ಕೋಲನ್ ಹಾಕಿ, ಜಾಗ ಬಿಡದೆ ಪೋರ್ಟಲಿನ ವಿಳಾಸ ಬರೆಯಿರಿ. ಉದಾಹರಣೆಗೆ 99ಏಕರ್ಸ್ ಡಾಟ್ ಕಾಮ್, ಮ್ಯಾಜಿಕ್‌ಬ್ರಿಕ್ಸ್ ಡಾಟ್ ಕಾಮ್. ಇಲ್ಲಿ ಸೈಟ್ ಅಂದರೆ ವೆಬ್‌ಸೈಟ್, ನಮ್ಮ ನಿವೇಶನ ಅಲ್ಲ. ಇವೆಲ್ಲ ಗೂಗಲ್‌ನ ಚಿಹ್ನೆಗಳು. ಪೋರ್ಟಲಿನ ಸ್ವಂತ ಹುಡುಕು ಪಟ್ಟಿಯಲ್ಲಿ ಇವು ನಡೆಯುತ್ತವೆ ಅಂತ ನಂಬಬೇಡಿ, ಅಲ್ಲಿ ಫಿಲ್ಟರ್‌ಗಳನ್ನೇ ಬಳಸಿ. ಗೂಗಲ್‌ನಲ್ಲಿ ‘ಟೂಲ್ಸ್’ ಒತ್ತಿ ಕಳೆದ ಒಂದು ವಾರ ಅಥವಾ ಒಂದು ತಿಂಗಳು ಅಂತ ಆರಿಸಿದರೆ ಎಂದೋ ಮಾರಾಟವಾದ ಸೈಟಿನ ಹಳೇ ಜಾಹೀರಾತು ಕಡಿಮೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕಾಗದಪತ್ರದ ಪದಗಳು. ಜಾಗದ ಹೆಸರಿನ ಜೊತೆ ‘ಎ ಖಾತಾ’ (ಪಾಲಿಕೆ ದಾಖಲೆಯಲ್ಲಿ ಎಲ್ಲ ಸರಿ ಇರುವ ಆಸ್ತಿ), ‘ಇ-ಖಾತಾ’ (ಆನ್‌ಲೈನ್ ಖಾತಾ), ‘ಬಿಡಿಎ ಅಲಾಟೆಡ್’ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚಿದ್ದು), ‘ಬಿಎಂಆರ್‌ಡಿಎ ಅಪ್ರೂವ್ಡ್’ (ಬೆಂಗಳೂರು ಸುತ್ತಲಿನ ಪ್ರದೇಶದ ಪ್ರಾಧಿಕಾರ ಒಪ್ಪಿದ್ದು) ಇವುಗಳಲ್ಲಿ ಒಂದನ್ನು ಸೇರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದರೂ ‘ಬಿಬಿಎಂಪಿ ಖಾತಾ’ ಅಂತ ಬರೆಯುವವರು ಇದ್ದೇ ಇದ್ದಾರೆ, ಅದನ್ನೂ ಬಿಡಬೇಡಿ. ಆದರೆ ‘ಬಿ ಖಾತಾ’ಗೆ (ನಿಯಮ ಪೂರ್ತಿ ಪಾಲಿಸದ ಆಸ್ತಿಯ ಖಾತಾ) ಮೈನಸ್ ಹಾಕಬೇಡಿ. ಯಾಕೆಂದರೆ ‘ಇದು ಬಿ ಖಾತಾ ಅಲ್ಲ’ ಅಂತ ಪ್ರಾಮಾಣಿಕವಾಗಿ ಬರೆದವರ ಜಾಹೀರಾತೂ ಅದರ ಜೊತೆ ಹೋಗಿಬಿಡುತ್ತದೆ, ಖಾತೆ ಬಗ್ಗೆ ಏನೂ ಹೇಳದವರದ್ದು ಹಾಗೇ ಉಳಿಯುತ್ತದೆ! ಹಳ್ಳಿ ಪಂಚಾಯಿತಿ ಸೈಟಾದರೆ ನಮೂನೆ 9 ಮತ್ತು 11ಎ (ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ಅಂತ ಹುಡುಕಿ. 11ಬಿ (ಅನುಮತಿ ಪೂರ್ತಿ ಇಲ್ಲದ ಆಸ್ತಿಯದ್ದು) ಅಂತ ಕಂಡರೆ ಅಲ್ಲೇ ನಿಂತು ವಿಚಾರಿಸಿ. ‘ಡಿಸಿ ಕನ್ವರ್ಟೆಡ್’ ಅಂತ ಇದ್ದರೆ ಕೃಷಿ ಭೂಮಿ ಪರಿವರ್ತನೆ ಆಗಿದೆ ಅಂತಷ್ಟೇ ಅರ್ಥ, ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಅಂತ ಅಲ್ಲ.

ಹೊಸ ಲೇಔಟ್‌ಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ) ಸಂಖ್ಯೆ ನೋಡಿ. 2016ರ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದ ಯೋಜನೆಗೆ ನೋಂದಣಿ ಬೇಕು. ಕರ್ನಾಟಕದ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಅಂತ ಶುರುವಾಗುತ್ತದೆ. ಜಾಹೀರಾತಿನಲ್ಲಿರುವ ಪೂರ್ತಿ ಸಂಖ್ಯೆಯನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ, ಯೋಜನೆಯ ಹೆಸರು ಅದೇನಾ ಅಂತ ತಾಳೆ ನೋಡಿ.

ಬೆಂಗಳೂರಿನ ಹೊರಗೆ ಹುಡುಕುವವರು ಕನ್ನಡ ಲಿಪಿಯಲ್ಲೂ ಟೈಪ್ ಮಾಡಲೇಬೇಕು. ಹಾಸನ, ದಾವಣಗೆರೆ, ತುಮಕೂರು ಕಡೆ ಮಾಲೀಕರೇ ಫೇಸ್‌ಬುಕ್‌ನಲ್ಲಿ ‘ಸೈಟ್ ಮಾರಾಟಕ್ಕಿದೆ’, ‘ಮನೆ ಭೋಗ್ಯಕ್ಕಿದೆ’ ಅಂತ ಹಾಕಿರ್ತಾರೆ. ‘ಮಾರಾಟಕ್ಕಿದೆ’ ಒಂದು ಸಲ, ‘ಮಾರಾಟಕ್ಕೆ ಇದೆ’ ಅಂತ ಬಿಡಿಸಿ ಇನ್ನೊಂದು ಸಲ ಹುಡುಕಿ. ಕನ್ನಡದಲ್ಲಿ ಹೀಗೆ ಕೂಡಿಸಿ ಬಿಡಿಸಿ ಬರೆಯುವುದರಿಂದಲೇ ಎಷ್ಟೋ ಒಳ್ಳೇ ಜಾಹೀರಾತು ಕಣ್ತಪ್ಪುತ್ತವೆ, ಎಕರೆ, ಗುಂಟೆ ಲೆಕ್ಕದಲ್ಲಿ ಬರೆದವೂ ಇರ್ತವೆ, ಒಂದು ಗುಂಟೆ ಅಂದರೆ 1089 ಚದರ ಅಡಿ ಅಂತ ನೆನಪಿಟ್ಟುಕೊಳ್ಳಿ.

ಒಂದು ಜಾಹೀರಾತು ಇಷ್ಟವಾಯಿತಾ? ಕೂಡಲೇ ಫೋನ್ ಮಾಡಬೇಡಿ. ಅದರ ವಿವರದಿಂದ ಒಂದು ವಿಶೇಷವಾದ ಸಾಲು ಕಾಪಿ ಮಾಡಿ, ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಮಾಡಿ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ಸೈಟು ಮೂರು ಕಡೆ ಮೂರು ಬೆಲೆಗೆ ಇರಬಹುದು, ಆಗ ಕಡಿಮೆ ಬೆಲೆಯದ್ದರಿಂದ ಮಾತು ಶುರು ಮಾಡಿ. ಅದೇ ಫೋಟೋ ಬೇರೆ ಊರಿನ ಮನೆಯದ್ದು ಅಂತ ಕಂಡರೆ ಬಿಟ್ಟುಬಿಡಿ. ಜಾಗ ತೋರಿಸುವ ಮೊದಲೇ ಟೋಕನ್ ಅಂತ ಯುಪಿಐನಲ್ಲಿ ದುಡ್ಡು ಕೇಳುವವರನ್ನೂ ಅಷ್ಟೇ.

ಚೆನ್ನಾಗಿ ಕೆಲಸ ಮಾಡಿದ ಹುಡುಕಾಟವನ್ನು ಗೂಗಲ್ ಅಲರ್ಟ್ಸ್‌ನಲ್ಲಿ ಉಳಿಸಿ, ಹೊಸದು ಬಂದರೆ ಮೇಲ್ ಬರುತ್ತದೆ. ಪೋರ್ಟಲ್‌ಗಳಲ್ಲೂ ಅಲರ್ಟ್ ಇಟ್ಟುಕೊಳ್ಳಬಹುದು.

ಮಾಲೀಕರಿಗೆ ಫೋನ್ ಮಾಡಿದಾಗ ಬೆಲೆಗಿಂತ ಮೊದಲು ಸರ್ವೆ ನಂಬರ್ ಮತ್ತು ಹಳ್ಳಿಯ ಹೆಸರು ಕೇಳಿ. ಅದೂ ಒಂದು ಕೀವರ್ಡೇ. ಗೂಗಲ್‌ನಲ್ಲಿ ಹಳ್ಳಿಯ ಹೆಸರಿನ ಜೊತೆ ಹಾಕಿದರೆ ಆ ಜಮೀನಿನ ಬಗ್ಗೆ ಪ್ರಕಟಣೆಯೋ ಕೋರ್ಟ್ ಆದೇಶವೋ ಸಿಗಬಹುದು. ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ಹಾಕಿದರೆ ಪಹಣಿ (ಜಮೀನಿನ ದಾಖಲೆ) ಕಾಣುತ್ತದೆ. ಜಾಗ ನೋಡಲು ಹೋದಾಗ ಸೈಟಿನ ನಡುವೆ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ, ಅದು ತೋರಿಸುವ ಸರ್ವೆ ನಂಬರೂ ಫೋನಿನಲ್ಲಿ ಅವರು ಹೇಳಿದ್ದೂ ಒಂದೇನಾ ನೋಡಿ. ಅಣ್ಣ ಹೀಗೆ ನೋಡಿದ ಎರಡನೇ ಸೈಟಿನಲ್ಲಿ ನಂಬರ್ ಬೇರೆ ಬಂತು. ಅಲ್ಲಿಂದಲೇ ವಾಪಸ್ ಬಂದೆವು.