ಪೈಪು, ಜರಡಿ, ತಕ್ಕಡಿ: ನಮ್ಮ ಮಣ್ಣಿನ ಇಂಗಾಲ ತೂಗಿದ್ದು

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಸೊಪ್ಪು-ಗೊಬ್ಬರದಿಂದ ಮಣ್ಣಿಗೆ ಸೇರಿದ ಇಂಗಾಲ, ಶೇ. 0.75 ದಾಟಿದರೆ ‘ಹೆಚ್ಚು’ ಅಂತ ಬರೆಯುತ್ತಾರೆ. ನಮ್ಮ ಅಡಿಕೆ ತೋಟದ್ದು 2.4 ಬಂದಿತ್ತು. ತೋಟದ ಹಿಂದಿರುವ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡುಗುಡ್ಡದ, ಮಣ್ಣನ್ನೂ ಕೊಟ್ಟಿದ್ದೆ, ಅದೂ 2.4. ಕಾಡಿಗೆ ಸಮ ನಮ್ಮ ತೋಟ ಅಂತ ಹಿಗ್ಗಿ ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಹೇಳಿದೆ. ಅವರು ತಲೆ ಎತ್ತಲೇ ಇಲ್ಲ. “ಬೆಟ್ಟ ಬೋಳಿಸಿ ತೋಟಕ್ಕೆ ಹಾಕ್ತಾ ಇದ್ದೀವಿ, ಸಮ ಆಗದೆ ಇನ್ನೇನು” ಅಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಉತ್ತರ ಕನ್ನಡದ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಅಲ್ಲಿಯ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಬರುತ್ತದೆ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಅಂದರೆ ತೋಟ ಕೂಡಿಟ್ಟ ಇಂಗಾಲದಲ್ಲಿ ಬೆಟ್ಟದಿಂದ ಹೊತ್ತು ತಂದದ್ದೆಷ್ಟು? ಇದನ್ನು ತಿಳಿಯಲು ಶೇಕಡಾ ಸಾಲದು, ತೂಕ ಬೇಕು.

ತೂಕಕ್ಕೆ ದೊಡ್ಡ ಉಪಕರಣವೇನೂ ಬೇಡ. 5 ಸೆಂ.ಮೀ. ಒಳವ್ಯಾಸದ, 10 ಸೆಂ.ಮೀ. ಉದ್ದದ ಕಬ್ಬಿಣದ ಪೈಪಿನ ತುಂಡು ಮಾಡಿಸಿಕೊಂಡೆ. ಒಂದು ತುದಿ ಚೂಪು. ಅದರೊಳಗೆ 196 ಘನ ಸೆಂ.ಮೀ. ಮಣ್ಣು ಹಿಡಿಯುತ್ತದೆ. ಹಲಗೆ ಇಟ್ಟು ಸುತ್ತಿಗೆಯಿಂದ ಇಳಿಸಿ, ಸುತ್ತ ಅಗೆದು ಎತ್ತಬೇಕು. ಮೊದಲ ಸಲ ಏಪ್ರಿಲ್‌ನಲ್ಲಿ ಹೋಗಿ ಕೆಟ್ಟೆ. ಮಣ್ಣು ಕಲ್ಲಾಗಿತ್ತು, ಪೈಪಿನ ಬಾಯಿ ಮುರುಟಿತು, ಒಳಗಿನ ಮಣ್ಣು ಪುಡಿಯಾಯಿತು. ನವೆಂಬರ್‌ನಲ್ಲಿ, ಹಸಿ ಇರುವಾಗ ಹೋದರೆ ಬೆಣ್ಣೆಯಂತೆ ಇಳಿಯುತ್ತದೆ. ಒಂದೊಂದು ಜಾಗದಲ್ಲಿ ಐದೈದು ಕಡೆ ತೆಗೆದೆ. ಒಂದು ಮರದ ಬುಡಕ್ಕೂ ಇನ್ನೊಂದರ ಬುಡಕ್ಕೂ ಅಷ್ಟು ವ್ಯತ್ಯಾಸ ಇರುತ್ತದೆ.

ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಬೇಕು. ಬಿಸಿಲಲ್ಲಿ ಒಣಗಿಸಿದರೆ ಪಸೆ ಪೂರ್ತಿ ಹೋಗುವುದಿಲ್ಲ. ಪರಿಚಯದ ಕಾಲೇಜೊಂದರ ಲ್ಯಾಬಿನವರು ಓವನ್ ಬಿಟ್ಟುಕೊಟ್ಟರು. ಆಮೇಲೆ 2 ಮಿ.ಮೀ. ಜರಡಿ ಹಿಡಿದೆ. ನನ್ನ ಹಿಗ್ಗು ಇಳಿದದ್ದು ಇಲ್ಲಿ. ಬೆಟ್ಟದ ಮಣ್ಣಲ್ಲಿ ಜಂಬಿಟ್ಟಿಗೆ ಹರಳೇ ಜಾಸ್ತಿ, ಕಾರ್ಡಿನ ಶೇಕಡಾ ಜರಡಿಯಿಂದ ಇಳಿದ ಮಣ್ಣಿನದು ಮಾತ್ರ. ಜರಡಿಯಿಂದ ಇಳಿದ ಮಣ್ಣು ಘನ ಸೆಂ.ಮೀ.ಗೆ 0.8 ಗ್ರಾಂ, ತೋಟದ್ದು 1.1. ಲೆಕ್ಕ ಸುಲಭ: ಶೇಕಡಾ, ಆ ಗ್ರಾಂ, ಆಳದ ಸೆಂ.ಮೀ., ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಟನ್ ಅಂತ ಸಿಗುತ್ತದೆ. ಮೇಲಿನ 15 ಸೆಂ.ಮೀ.ನಲ್ಲಿ ತೋಟಕ್ಕೆ 40 ಟನ್ ಹತ್ತಿರ, ಬೆಟ್ಟಕ್ಕೆ 29. ಕಾರ್ಡಿನಲ್ಲಿ ಎರಡೂ ಒಂದೇ!

ಲ್ಯಾಬಿನವರನ್ನು ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಸಾಮಾನ್ಯವಾಗಿ ಬಳಸುವುದು 1934ರ ವಾಕ್ಲಿ-ಬ್ಲ್ಯಾಕ್ ವಿಧಾನ. ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಸೇರಿ ಇಂಗಾಲದ ಮುಕ್ಕಾಲು ಪಾಲನ್ನಷ್ಟೇ ಸುಡುತ್ತವೆ, ಅದಕ್ಕೆ ಸುಮಾರು 1.3ರಿಂದ ಗುಣಿಸುತ್ತಾರೆ. ಗುಣಿಸಿದ್ದಾರೋ ಇಲ್ಲವೋ ಕೇಳದೆ ಎರಡು ಲ್ಯಾಬಿನ ಅಂಕಿ ಪಕ್ಕಪಕ್ಕ ಇಡಬೇಡಿ. ನಾನು ಇಟ್ಟು, ಒಂದು ವಾರ ಸುಮ್ನೆ ತಲೆ ಕೆಡಿಸಿಕೊಂಡೆ.

ಇನ್ನು ಶುಂಠಿ. ಕೆಳಗಿನ ಗದ್ದೆಯನ್ನು ಶುಂಠಿ ಬೆಳೆಯಲು ಒಂದು ವರ್ಷ ಗುತ್ತಿಗೆಗೆ ಕೊಟ್ಟಿದ್ದೆವು. ಜೆಸಿಬಿ ಬಂತು, ಕಾಲುವೆ ತೆಗೆದರು, ಏರಿ ಮಾಡಿದರು, ಗೊಬ್ಬರ ಸುರಿದು ಮೇಲೆ ಹುಲ್ಲು ಹೊದಿಸಿದರು. ಕಿತ್ತ ಕೂಡಲೇ ಪರೀಕ್ಷೆ ಮಾಡಿಸಿದರೆ ಇಂಗಾಲ ಏರಿತ್ತು! ಎರಡು ಮಳೆಗಾಲ ಕಳೆದು ನೋಡಿದರೆ ಪಕ್ಕದ ಭತ್ತದ ಗದ್ದೆಗಿಂತ ಕೆಳಗೆ. ಮೊದಲು ಕಂಡದ್ದು ಹಾಕಿದ ಗೊಬ್ಬರ, ಅದು ಬೇಗ ಕರಗಿತು. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದೆ ಸೂಕ್ಷ್ಮಜೀವಿಗಳ ಕೆಲಸ ನಿಧಾನ. ನೀರು ಬಸಿದು, ಹೆಂಟೆ ಒಡೆದು ಗಾಳಿ ಬಿಟ್ಟರೆ ಹಳೇ ಇಂಗಾಲವೂ ಉರಿದು ಹೋಗುತ್ತದೆ. ಹಾಗಂತ ನೀರು ನಿಲ್ಲಿಸಿದ್ದೇ ಒಳ್ಳೆಯದು ಅನ್ನುವಂತಿಲ್ಲ, ಅಂಥ ಗದ್ದೆಯಿಂದ ಮೀಥೇನ್ ಏಳುತ್ತದೆ.

ಬೆಂಗಳೂರಿನಿಂದ ಬಂದ ಅಳಿಯ ಕೇಳಿದ, “ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದ್ರೆ ಗಿಡ ಚೆನ್ನಾಗಿ ಬೆಳೆಯುತ್ತೆ, ಮಣ್ಣಿಗೂ ಜಾಸ್ತಿ ಬೀಳುತ್ತೆ ಅಲ್ವಾ ಮಾವ?” ನಾನೂ ಹಾಗೇ ಅಂದುಕೊಂಡಿದ್ದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯಲ್ಲಿ ಅದು ಹತ್ತು ಲಕ್ಷ ಪಾಲಿಗೆ 315ರಷ್ಟಿತ್ತು, ಈಗ 420 ದಾಟಿದೆ. ಆದರೆ 108 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2021ರ ಅಧ್ಯಯನವೊಂದು ಬೇರೆಯದೇ ಹೇಳಿತು. ಈ ಅನಿಲ ಹೆಚ್ಚಿದಾಗ ಹುಲ್ಲುಗಾವಲಿನ ಮಣ್ಣಲ್ಲಿ ಇಂಗಾಲ ಏರಿತು, ಕಾಡಿನ ಮಣ್ಣಲ್ಲಿ ಏರಲಿಲ್ಲ. ಗಿಡ ಜೋರಾಗಿ ಬೆಳೆದರೆ ಸಾರಜನಕ ಬೇಕು. ಬೇರಿನ ಶಿಲೀಂಧ್ರಗಳು ಅದನ್ನು ಮಣ್ಣಿನ ಹಳೇ ಸಾವಯವ ಅಂಶ ಒಡೆದು ತರುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ಆ ಪ್ರಯೋಗಗಳಲ್ಲಿ ಹೆಚ್ಚಿನವು ತಂಪು ದೇಶಗಳವು, ನಮ್ಮ ಬೆಟ್ಟಕ್ಕೆ ಹಾಗೇ ಹೊಂದಿಸಲು ನನಗೆ ಧೈರ್ಯ ಇಲ್ಲ. ಆದರೂ ದರಕು ಬಳಿದೊಯ್ದ ಬೆಟ್ಟಕ್ಕೆ ಬರೀ ಗಾಳಿಯಿಂದ ಇಂಗಾಲ ಬಂದು ತುಂಬೀತು ಅಂತ ಈಗ ನಂಬುವುದಿಲ್ಲ.

ಎರಡು ವರ್ಷದಿಂದ ಅರ್ಧ ಬೆಟ್ಟ ಬಳಿದಿಲ್ಲ. ಅಡಿಕೆ ಸೋಗೆಯನ್ನು ತೋಟದಲ್ಲೇ ಕಡಿದು ಹಾಕುತ್ತೇವೆ. ಕೊಟ್ಟಿಗೆಗೆ ಹಾಸು ಸಾಲದು ಅಂತ ಆಯಿಯ ಗೊಣಗಾಟ ಇದ್ದೇ ಇದೆ. ಮಾರ್ಚ್ ಬಂದರೆ ಒಣ ದರಕಿಗೆ ಬೆಂಕಿ ಬಿದ್ದೀತು ಅಂತ ಸುತ್ತ ಎರಡು ಮಾರು ಅಗಲ ಸವರಿಸುತ್ತೇನೆ. ಮುಂದಿನ ನವೆಂಬರ್‌ಗೆ ಮೂರು ವರ್ಷ, ಅವೇ ಜಾಗಗಳಲ್ಲಿ ಮತ್ತೆ ಪೈಪು ಇಳಿಸಬೇಕು. ಗುರುತಿಗೆ ಕಲ್ಲು ನೆಟ್ಟಿದ್ದೆ. ಅದರಲ್ಲಿ ಎರಡನ್ನು ಕಾಡುಹಂದಿ ಕಿತ್ತು ಬಿಸಾಕಿವೆ.