ಮೂರೂವರೆ ಗ್ರಾಂ ಎಸೆಯಲು ಎಂಥ ರಾಡ್ ಬೇಕು?

ತೀರ್ಥಹಳ್ಳಿ ಕಡೆ ನಾವು ಚಿಕ್ಕವರಿದ್ದಾಗ ಗಾಳದ ಕೋಲು ಆರಿಸುವ ಕೆಲಸ ಅಪ್ಪನದು. ಬಿದಿರು ಮೆಳೆಯಿಂದ ನಾಲ್ಕು ಸಪೂರ ಕೋಲು ಕಡಿಯುತ್ತಿದ್ದರು. ಒಂದೊಂದರ ಬುಡ ಹಿಡಿದು ಅಲ್ಲಾಡಿಸಿ ತುದಿ ಹೇಗೆ ಆಡುತ್ತದೆ ಎಂದು ನೋಡುತ್ತಿದ್ದರು. ಮೂರನ್ನು ಬಿಸಾಕಿ ಒಂದನ್ನು ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಅದರಲ್ಲೇ ಗೆಂಡೆ ಮೀನು ಬೀಳುತ್ತಿತ್ತು.

ಎಷ್ಟೋ ವರ್ಷದ ಮೇಲೆ ಟೆಕ್ಸಸ್‌ನ ಆಸ್ಟಿನ್‌ಗೆ ಬಂದೆ. ಇಲ್ಲಿನ ಅಂಗಡಿಯೊಂದರಲ್ಲಿ ಗೋಡೆ ತುಂಬಾ ರಾಡ್, ಅಂದರೆ ಗಾಳದ ಕೋಲು, ನಿಲ್ಲಿಸಿದ್ದರು. ‘ಯಾವ ಮೀನು ಹಿಡೀತೀರಿ?’ ಎಂದು ಅಂಗಡಿಯವನು ಕೇಳಿದ. ‘ಬಾಸ್’ ಎಂದೆ. ಏಳಡಿಯ ಗಟ್ಟಿ ರಾಡ್ ಒಂದನ್ನು ಕೈಗಿಟ್ಟ. ಆ ಶನಿವಾರ ಹಳ್ಳಕ್ಕೆ ಹೋಗಿ ಬೆರಳುದ್ದದ ರಬ್ಬರ್ ಹುಳು ಎಸೆದರೆ ಅದು ನಾಲ್ಕು ಮಾರು ದಾಟಲಿಲ್ಲ. ದಾರ ಸುತ್ತುವ ರೀಲಿನೊಳಗೆ ದಾರ ಸಿಕ್ಕುಸಿಕ್ಕಾಗಿ ಕಾಗೆಗೂಡಾಯಿತು. ಬಿಡಿಸುವುದರಲ್ಲೇ ಬೆಳಗು ಮುಗಿಯಿತು.

ಅಂಗಡಿಯವನ ಪ್ರಶ್ನೆಯೇ ತಪ್ಪಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಎಷ್ಟು ಗ್ರಾಂ ಎಸೆಯುತ್ತೀರಿ ಎಂದು ಕೇಳಬೇಕಿತ್ತು. ರಾಡ್ ಆರಿಸುವುದು ಎಸೆಯುವ ವಸ್ತುವಿನ ತೂಕ ನೋಡಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಯಾವ ಬಾಸ್, ಯಾಕೆ ಇಷ್ಟು ನಾಜೂಕು?

ಹೋಟೆಲಿನ ಮೆನುವಿನಲ್ಲಿ ಬರುವ ಸೀ ಬಾಸ್ ಬೇರೆ, ಇದು ಬೇರೆ. ಇದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು. ದೊಡ್ಡ ಬಾಯಿಯ ಲಾರ್ಜ್‌ಮೌತ್ ಎಲ್ಲರಿಗೂ ಗೊತ್ತು. ಆಸ್ಟಿನ್ ಸುತ್ತಿನ ಗುಡ್ಡಗಾಡಿನ ಹೊಳೆಗಳಲ್ಲಿ ಗ್ವಾಡಲೂಪ್ ಬಾಸ್ ಎಂಬ ಅದರ ಚಿಕ್ಕ ದಾಯಾದಿ ಇದೆ. ಟೆಕ್ಸಸ್ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ ಮೀನು. 1989ರಿಂದ ಇದು ಆ ರಾಜ್ಯದ ಮೀನು. ಹರಿಯುವ ನೀರು ಇದಕ್ಕೆ ಇಷ್ಟ. ಸಿಗುವುದರಲ್ಲಿ ಹೆಚ್ಚಿನವು ಅರ್ಧ ಕಿಲೋ ಒಳಗೆ.

ನೀರು ತಿಳಿಯಾಗಿದ್ದಾಗ, ಮೀನು ಹಿಡಿಯುವವರು ಜಾಸ್ತಿ ಇರುವ ಕಡೆ, ಬಾಸ್ ಹುಷಾರಾಗುತ್ತದೆ. ದೊಡ್ಡ ಲೂರ್ ಧೊಪ್ಪೆಂದು ಬಿದ್ದರೆ ದೂರ ಸರಿಯುತ್ತದೆ. ಲೂರ್ ಅಂದರೆ ನಕಲಿ ಎರೆ. ಅದನ್ನು ಸಣ್ಣದು ಮಾಡಿ, ತೆಳು ದಾರ ಕಟ್ಟಿ, ಸದ್ದಿಲ್ಲದೆ ಇಳಿಸುವುದಕ್ಕೆ ಫಿನೆಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ನಾಜೂಕು.

ಈ ನಾಜೂಕನ್ನು ಕ್ಯಾಸ್ಟಿಂಗ್ ರಾಡಿಗೆ, ಅಂದರೆ ರೀಲ್ ಮೇಲೆ ಕೂರುವ ರಾಡಿಗೆ, ತಂದವರು ಜಪಾನಿನವರು. ಅಲ್ಲಿಗೆ ಬಾಸ್ ಬಂದದ್ದು 1925ರಲ್ಲಿ. ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟರು. ಇವತ್ತು ಅಲ್ಲಿನ ಕಾನೂನಿನ ಕಣ್ಣಿಗೆ ಅದು ಹಾವಳಿ ಎಬ್ಬಿಸುವ ಹೊರಗಿನ ಮೀನು. ಆದರೂ ಹಿಡಿಯುವ ಹುಚ್ಚು ಕಡಿಮೆಯಾಗಿಲ್ಲ. ಅವರು ಈ ವಿಧಾನಕ್ಕೆ ಇಟ್ಟ ಹೆಸರು ಬೇಟ್ ಫಿನೆಸ್ ಸಿಸ್ಟಮ್. ಚಿಕ್ಕದಾಗಿ ಬಿಎಫ್‌ಎಸ್. ಬೇಟ್ ಎಂದ ತಕ್ಷಣ ಜೀವಂತ ಎರೆ ಅಂದುಕೊಳ್ಳಬೇಡಿ. ಅದು ಕ್ಯಾಸ್ಟಿಂಗ್ ರಾಡಿಗೆ ಕಟ್ಟುವ ಬೇಟ್‌ಕ್ಯಾಸ್ಟಿಂಗ್ ರೀಲಿನ ಮೊಟಕು ಹೆಸರು.

ಮೊದಲ ಹೆಜ್ಜೆ: ನಿಮಗೆ ಇದು ಬೇಕಾ?

ಕೊಳ್ಳುವ ಮೊದಲೇ ಈ ಪ್ರಶ್ನೆ ಮುಗಿಸಿಬಿಡಿ. ಹಗುರ ಲೂರ್ ಎಸೆಯಲು ಸ್ಪಿನ್ನಿಂಗ್ ರಾಡ್ ಇದೆ. ಅದರಲ್ಲಿ ರೀಲ್ ರಾಡಿನ ಕೆಳಗೆ ತೂಗುತ್ತದೆ. ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ತಿರುಗದೆ ನಿಂತಿರುತ್ತದೆ. ದಾರ ಮಾತ್ರ ಸುರುಳಿ ಬಿಚ್ಚಿ ಹೋಗುತ್ತದೆ. ಕಲಿಯುವುದು ಸುಲಭ. ಖರ್ಚೂ ಕಡಿಮೆ. ಮೊದಲ ಸಲ ರಾಡ್ ಹಿಡಿಯುವವರು ಅದನ್ನೇ ಕೊಳ್ಳಿ. ಈ ಲೇಖನ ಒಂದು ವರ್ಷ ಬಿಟ್ಟು ಓದಿದರೂ ನಷ್ಟವಿಲ್ಲ.

ಕ್ಯಾಸ್ಟಿಂಗ್ ರಾಡಿನಲ್ಲಿ ರೀಲ್ ಮೇಲೆ ಕೂರುತ್ತದೆ. ಎಸೆದಾಗ ಸ್ಪೂಲೇ ತಿರುಗಬೇಕು. ಅದನ್ನು ತಿರುಗಿಸುವ ಶಕ್ತಿ ಹಾರುವ ಲೂರಿನಿಂದಲೇ ಬರಬೇಕು. ಹಗುರ ಲೂರಿಗೆ ಇದು ಭಾರವಾಗುವುದು ಇಲ್ಲೇ. ಹಾಗಾದರೆ ಯಾಕೆ ಈ ಕಷ್ಟ? ಹೆಬ್ಬೆರಳಿಗಾಗಿ. ಸ್ಪೂಲ್ ಮೇಲೆ ಹೆಬ್ಬೆರಳು ಸವರುತ್ತಾ ಲೂರನ್ನು ಬೇಕಾದಲ್ಲಿ ನಿಲ್ಲಿಸಬಹುದು. ಹೊಳೆಯ ಮೇಲೆ ಸೈಪ್ರೆಸ್ ಮರ ಬಾಗಿರುತ್ತದೆ. ಅದರ ಬೇರಿನ ಸಂದಿಯಲ್ಲಿ ತಟ್ಟೆಯಗಲದ ನೆರಳು. ಲೂರ್ ಅಲ್ಲಿಗೇ ಬೀಳಬೇಕು, ಸದ್ದೂ ಆಗಬಾರದು. ಕೈ ಪಳಗಿದ ಮೇಲೆ ಇಂಥ ಜಾಗಕ್ಕೆ ಕ್ಯಾಸ್ಟಿಂಗ್ ರಾಡೇ ಸೈ. ಜತೆಗೆ ದಾರಕ್ಕೆ ತಿರುಚು ಬೀಳುವುದು ಕಡಿಮೆ.

ಎರಡನೇ ಹೆಜ್ಜೆ: ತಕ್ಕಡಿ ಹಿಡಿಯಿರಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನೀವು ನಿಜವಾಗಿ ಬಳಸುವ ಲೂರುಗಳನ್ನು ಒಂದೊಂದಾಗಿ ತೂಗಿ ಬರೆದಿಡಿ. ಡಬ್ಬಿಯಲ್ಲಿ ಸುಮ್ನೆ ಬಿದ್ದಿರುವವನ್ನು ಬಿಡಿ.

ಇಲ್ಲೊಂದು ಕಿರಿಕಿರಿ ಇದೆ. ಅಮೆರಿಕದಲ್ಲಿ ಎಲ್ಲವೂ ಔನ್ಸಿನ ಭಿನ್ನರಾಶಿ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. 1/16 ಔನ್ಸ್ 1.8 ಗ್ರಾಂ, 1/8 ಔನ್ಸ್ 3.5 ಗ್ರಾಂ, 1/4 ಔನ್ಸ್ 7 ಗ್ರಾಂ. ಈ ಮೂರು ನೆನಪಿದ್ದರೆ ಸಾಕು. ಜಪಾನಿನ ರಾಡುಗಳ ಮೇಲೆ ಗ್ರಾಮಿನಲ್ಲೂ ಬರೆದಿರುತ್ತದೆ, ಪುಣ್ಯ.

ಇನ್ನೊಂದು ಮಾತು. ರಬ್ಬರ್ ಹುಳು ಸಿಕ್ಕಿಸುವ ಗಾಳದ ಪೊಟ್ಟಣದ ಮೇಲೆ 1/16 ಎಂದಿದ್ದರೆ ಅದು ಗಾಳಕ್ಕೆ ಅಂಟಿದ ಸೀಸದ ತಲೆಯ ತೂಕ ಮಾತ್ರ. ಹುಳು ಸಿಕ್ಕಿಸಿದ ಮೇಲೆ ಲೆಕ್ಕ ಬೇರೆ. ಕ್ಯಾನ್ಸಸ್‌ನ ನೆಡ್ ಕೇಡಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನೆಡ್ ರಿಗ್ ನೋಡಿ. ಅಣಬೆಯಂಥ ಪುಟ್ಟ ತಲೆ, ಅದಕ್ಕೊಂದು ಮೊಂಡು ಹುಳು. ತಲೆ ಎರಡು ಗ್ರಾಂ ಇದ್ದರೂ ಒಟ್ಟು ನಾಲ್ಕೈದು ಗ್ರಾಂ ಆಗುತ್ತದೆ. ಗಾಳ, ಹುಳು ಎಲ್ಲ ಸೇರಿಸಿಯೇ ತೂಗಿ.

ನನ್ನ ಪಟ್ಟಿ 3ರಿಂದ 7 ಗ್ರಾಂ ಒಳಗೆ ಮುಗಿಯಿತು. ನಿಮ್ಮದು 7ರಿಂದ 14 ಬಂದರೆ ನಿಮಗೆ ಇಷ್ಟು ನಾಜೂಕಿನ ರಾಡ್ ಬೇಡ. ಸಾಮಾನ್ಯ ಮೀಡಿಯಂ ರಾಡೇ ಸಾಕು.

ಮೂರನೇ ಹೆಜ್ಜೆ: ರಾಡಿನ ಮೇಲಿನ ಅಕ್ಷರ ಓದಿ, ಪೂರ್ತಿ ನಂಬಬೇಡಿ

ಹಿಡಿಕೆಯ ಮೇಲುಗಡೆ ಸಣ್ಣ ಅಕ್ಷರದಲ್ಲಿ ಉದ್ದ, ಪವರ್, ಆಕ್ಷನ್, ಲೂರ್ ತೂಕ, ದಾರದ ಬಲ ಬರೆದಿರುತ್ತದೆ. ಮೊದಲು ನೋಡಬೇಕಾದದ್ದು ಲೂರ್ ತೂಕ.

ರಾಡ್ ಒಂದು ಸ್ಪ್ರಿಂಗ್. ಎಸೆಯಲು ಹಿಂದಕ್ಕೆ ಬೀಸಿದಾಗ ಲೂರಿನ ಭಾರಕ್ಕೆ ತುದಿ ಬಾಗಬೇಕು. ಮುಂದಕ್ಕೆ ಬೀಸಿದಾಗ ಆ ಬಾಗು ನೆಟ್ಟಗಾಗುತ್ತಾ ಲೂರನ್ನು ಚಿಮ್ಮಿಸಬೇಕು. ಗಟ್ಟಿ ರಾಡಿಗೆ 3 ಗ್ರಾಂ ಕಟ್ಟಿದರೆ ತುದಿ ಬಾಗುವುದೇ ಇಲ್ಲ. ಆಗ ನಾವು ತೋಳಿನ ಬಲ ಹಾಕುತ್ತೇವೆ. ಸ್ಪೂಲ್ ಗಿರ್ರನೆ ತಿರುಗುತ್ತದೆ, ಲೂರ್ ಹಿಂದೆ ಬೀಳುತ್ತದೆ, ದಾರ ಉಕ್ಕುತ್ತದೆ. ಕಾಗೆಗೂಡು ಹುಟ್ಟುವುದೇ ಹೀಗೆ.

1.8ರಿಂದ 10 ಗ್ರಾಂ ಎಂದು ಬರೆದ ರಾಡ್ 1.8 ಗ್ರಾಂ ಎಸೆಯಬಲ್ಲದು, ಆದರೆ ಸಂತೋಷದಿಂದಲ್ಲ. ರಾಡಿಗೆ ಸುಖ ಇರುವುದು ಆ ಅಳತೆಯ ನಡುಭಾಗದಲ್ಲಿ. ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಬಳಸುವ ತೂಕ ಆ ನಡುಭಾಗಕ್ಕೆ ಬೀಳಬೇಕು. ಪವರ್, ಅಂದರೆ ರಾಡ್ ಎಷ್ಟು ಗಟ್ಟಿ ಎಂಬುದನ್ನಂತೂ ಹೆಸರು ನೋಡಿ ನಂಬಬೇಡಿ. ಲೈಟ್, ಮೀಡಿಯಂ ಲೈಟ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಲೈಟ್ ಇನ್ನೊಂದರ ಮೀಡಿಯಂ ಲೈಟ್ ಇದ್ದಂತೆ. ಸಣ್ಣ ಹೊಳೆಗೆ ಲೈಟ್, ಗಿಡಗಂಟಿ ಇರುವ ಕೆರೆಗೆ ಮೀಡಿಯಂ ಲೈಟ್ ಎಂದು ಹುಡುಕಲು ಶುರು ಮಾಡಬಹುದು, ಅಷ್ಟೇ.

‘ದೊಡ್ಡ ಮೀನು ಬಿದ್ದರೆ ಮುರಿಯಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಬಾಗುವ ರಾಡ್ ಸುಲಭಕ್ಕೆ ಮುರಿಯುವುದಿಲ್ಲ. ರೀಲಿನ ಡ್ರ್ಯಾಗ್ ಸರಿಯಾಗಿ ಬಿಗಿದಿದ್ದರೆ ಮೀನು ಎಳೆದಾಗ ದಾರ ಬಿಟ್ಟುಕೊಡುತ್ತದೆ. 6 ಪೌಂಡ್ ದಾರ ಎಂದರೆ ಸುಮಾರು 2.7 ಕಿಲೋ ಎಳೆತ ತಡೆಯುತ್ತದೆ. ಜಪಾನಿನ ಬಿವಾ ಸರೋವರದಲ್ಲಿ 2009ರಲ್ಲಿ 10.12 ಕಿಲೋ ಬಾಸ್ ಸಿಕ್ಕಿತ್ತು ನಿಜ. ಅಮೆರಿಕದ ಜಾರ್ಜಿಯಾದ 1932ರ ದಾಖಲೆಗೆ ಅದು ಸರಿಸಮ. ಅಂಥದ್ದನ್ನು ಕನಸಿನಲ್ಲಿಟ್ಟುಕೊಂಡು ರಾಡ್ ಕೊಂಡರೆ ಅರ್ಧ ಕಿಲೋ ಮೀನುಗಳ ಹೊಳೆಯಲ್ಲಿ ಬರಿಗೈಯೇ ಗತಿ.

ನಾಲ್ಕನೇ ಹೆಜ್ಜೆ: ಎಲ್ಲಿ ಬಾಗುತ್ತದೆ ನೋಡಿ

ಪವರ್ ಅಂದರೆ ಬಾಗಿಸಲು ಎಷ್ಟು ಬಲ ಬೇಕು ಎಂಬುದು. ಆಕ್ಷನ್ ಅಂದರೆ ರಾಡ್ ಎಲ್ಲಿಂದ ಬಾಗುತ್ತದೆ ಎಂಬುದು. ಫಾಸ್ಟ್ ಎಂದರೆ ತುದಿಯ ಹತ್ತಿರ ಮಾತ್ರ. ಮಾಡರೇಟ್ ಎಂದರೆ ನಡುವಿನ ತನಕ.

ಫಿನೆಸ್‌ಗೆ ಫಾಸ್ಟೇ ಬೇಕು ಎನ್ನುವವರಿದ್ದಾರೆ. ಮೀನು ಮುಟ್ಟಿದ್ದು ಬೇಗ ತಿಳಿಯುತ್ತದೆ, ಒಂಟಿ ಗಾಳ ಚೆನ್ನಾಗಿ ನಾಟುತ್ತದೆ ಎಂಬುದು ಅವರ ವಾದ. ಅದು ಸರಿಯೇ. ಆದರೆ ಕ್ಯಾಸ್ಟಿಂಗ್ ರಾಡಿನಲ್ಲಿ ಹಗುರ ಲೂರ್ ಎಸೆಯುವವರಿಗೆ ನಾನು ಮಾಡರೇಟ್ ಫಾಸ್ಟ್ ಹೇಳುತ್ತೇನೆ. ಜಾಸ್ತಿ ಉದ್ದ ಬಾಗುವುದರಿಂದ ಎಸೆತ ನಿಧಾನವಾಗಿ, ನಯವಾಗಿ ಹೊರಡುತ್ತದೆ. ಸ್ಪೂಲ್ ಗಾಬರಿಯಾಗುವುದಿಲ್ಲ. ಮೂರು ಮೊನೆಯ ಗಾಳ ಇರುವ ಪುಟ್ಟ ಕ್ರ್ಯಾಂಕ್‌ಬೇಟ್ (ಮೀನಿನಾಕಾರದ ಗಟ್ಟಿ ಲೂರ್) ಬಳಸಿದರೆ ಮೀನು ಕಿತ್ತುಕೊಳ್ಳುವುದೂ ಕಡಿಮೆ. ನೆಡ್ ರಿಗ್ಗಿನ ಗಾಳದ ತಂತಿ ತೆಳು. ಅದನ್ನು ನಾಟಿಸಲು ಜೋರಾಗಿ ಜಗ್ಗಬೇಕಿಲ್ಲ, ರಾಡ್ ಎತ್ತಿದರೆ ಸಾಕು.

ಐದನೇ ಹೆಜ್ಜೆ: ಉದ್ದ

ಹಳ್ಳದಲ್ಲಿ ನಡೆದು ಹಿಡಿಯುವವರಿಗೆ ಆರಡಿಯಿಂದ ಆರೂವರೆ. ದೊಡ್ಡ ಜಲಾಶಯಕ್ಕೆ ಆರು ಅಡಿ ಎಂಟು ಅಂಗುಲದಿಂದ ಏಳಡಿ. ಕಾರು ಚಿಕ್ಕದಿದ್ದರೆ ಎರಡು ತುಂಡಿನದು. ಒಂದೇ ತುಂಡಿನ ರಾಡೇ ಶ್ರೇಷ್ಠ ಎಂಬ ಹಳೇ ಮಾತಿಗೆ ಈಗ ಅಷ್ಟು ಬೆಲೆ ಇಲ್ಲ.

ಆರನೇ ಹೆಜ್ಜೆ: ಗೈಡು ಮತ್ತು ಹಿಡಿಕೆ

ದಾರ ಹಾಯುವ ಬಳೆಗಳಿಗೆ ಗೈಡ್ ಎನ್ನುತ್ತಾರೆ. ತುದಿಯ ಕಡೆಯವು ಸಣ್ಣದಾಗಿ, ಹಗುರವಾಗಿ ಇರಬೇಕು. ತುದಿ ಭಾರವಾದರೆ ನಾಜೂಕು ಹೋಯಿತು. ಆದರೆ ಅತಿ ಸಣ್ಣ ಬಳೆಯಲ್ಲಿ ಎರಡು ದಾರ ಕೂಡಿಸಿದ ಗಂಟು ಸಿಕ್ಕಿಕೊಳ್ಳುತ್ತದೆ. ನೀವು ಹಾಗೆ ಗಂಟು ಹಾಕುವವರಾದರೆ ಗಮನವಿಡಿ. ಹಳೇ ರಾಡ್ ಕೊಳ್ಳುವಾಗ ಹತ್ತಿಯ ಚೂರನ್ನು ಪ್ರತಿ ಬಳೆಯೊಳಗೆ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ. ಆ ಬಿರುಕು ತೆಳು ದಾರವನ್ನು ಕತ್ತರಿಸುತ್ತದೆ.

ಹಿಡಿಕೆಯ ಕೆಳಗೆ ಬೆರಳಿಗೊಂದು ಕೊಕ್ಕೆ ಇರುತ್ತದೆ. ಕ್ಯಾಸ್ಟಿಂಗ್ ರಾಡಿನ ಗುರುತೇ ಅದು. ರೀಲ್ ಕಟ್ಟಿ, ಅಂಗೈಯಲ್ಲಿ ಹಿಡಿದು, ಹೆಬ್ಬೆರಳು ಸ್ಪೂಲಿಗೆ ಸಲೀಸಾಗಿ ಮುಟ್ಟುತ್ತದಾ ನೋಡಿ. ನನ್ನ ಕೈ ಸಣ್ಣದು. ಎಷ್ಟೋ ಒಳ್ಳೆ ರಾಡುಗಳನ್ನು ಇದೊಂದೇ ಕಾರಣಕ್ಕೆ ವಾಪಸ್ ಇಟ್ಟಿದ್ದೇನೆ.

ಏಳನೇ ಹೆಜ್ಜೆ: ರೀಲ್ ಹೊಂದದಿದ್ದರೆ ರಾಡ್ ದಂಡ

ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಎಷ್ಟೇ ಒಳ್ಳೆ ರಾಡ್ ಇದ್ದರೂ ಸ್ಪೂಲ್ ಭಾರವಿದ್ದರೆ 3 ಗ್ರಾಂ ಲೂರ್ ಅದನ್ನು ತಿರುಗಿಸಲಾರದು. ಬಿಎಫ್‌ಎಸ್ ರೀಲಿನ ಸ್ಪೂಲ್ ಆಳವಿಲ್ಲದ್ದು. ಒಳ್ಳೆಯವು 10 ಗ್ರಾಂಗಿಂತ ಕಡಿಮೆ ತೂಗುತ್ತವೆ. ಜಪಾನಿನ ಶಿಮಾನೊ, ಡೈವಾ ಕಂಪನಿಗಳೆರಡೂ ಇಂಥವನ್ನು ಮಾಡುತ್ತವೆ.

ದಾರಕ್ಕೂ ತೂಕವಿದೆ ಎಂಬುದು ಮರೆತುಹೋಗುತ್ತದೆ. 12 ಪೌಂಡ್ ಫ್ಲೋರೋಕಾರ್ಬನ್ ದಾರ ನೂರು ಮೀಟರ್ ಸುತ್ತಿದರೆ ಹತ್ತು ಗ್ರಾಂ ಮೇಲಾಗುತ್ತದೆ. ಅದೇ 6 ಪೌಂಡಿನದು 45 ಮೀಟರ್ ಸುತ್ತಿದರೆ ಮೂರು ಗ್ರಾಂ ಒಳಗೆ. ಹಳ್ಳದಲ್ಲಿ ಇಪ್ಪತ್ತು ಮೀಟರ್ ಎಸೆದರೆ ಎದುರು ದಡ. ಅದಕ್ಕೆ ನೂರು ಮೀಟರ್ ದಾರ ಯಾಕೆ?

ಅಂಗಡಿಯಲ್ಲಿ ಮಾಡಬೇಕಾದದ್ದು

ನಿಮ್ಮ ರೀಲನ್ನು ಜತೆಗೆ ತೆಗೆದುಕೊಂಡು ಹೋಗಿ. ನೀವು ಹೆಚ್ಚು ಬಳಸುವ ಲೂರಿನ ತೂಕದ ಒಂದು ಸೀಸದ ಗುಂಡನ್ನೂ ಒಯ್ಯಿರಿ, ಗಾಳ ಇಲ್ಲದೆ. ರಾಡಿಗೆ ರೀಲ್ ಕಟ್ಟಿ, ರೀಲಿನ ಮುಂದೆ ಒಂದು ಬೆರಳಿನ ಮೇಲೆ ತೂಗಿಸಿ. ತುದಿ ನೆಲಕ್ಕೆ ಕುಸಿದರೆ ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ಆಮೇಲೆ ದಾರವನ್ನು ಗೈಡುಗಳಲ್ಲಿ ಪೋಣಿಸಿ, ಗುಂಡನ್ನು ಅದಕ್ಕೆ ಕಟ್ಟಿ, ತುದಿಯಿಂದ ಗೇಣುದ್ದ ಇಳಿಬಿಟ್ಟು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ತುದಿ ಆ ಭಾರಕ್ಕೆ ತಲೆ ಬಾಗಿಸಬೇಕು, ಆಟ ನಿಂತ ಕೂಡಲೇ ತಾನೂ ನಿಲ್ಲಬೇಕು. ಗುಂಡು ಆಡುತ್ತಿದ್ದರೂ ಗರುಡಗಂಬದ ಹಾಗೆ ನಿಂತರೆ ಅದು ನಿಮ್ಮ ರಾಡ್ ಅಲ್ಲ. ನಿಂತ ಮೇಲೂ ತೂಗಾಡುತ್ತಲೇ ಇದ್ದರೆ ಅದೂ ಬೇಡ, ಗುರಿ ತಪ್ಪುತ್ತದೆ.

ಬೆಲೆ ಜಾಸ್ತಿ ಇದ್ದರೆ ಒಳ್ಳೆಯದು ಎಂದೇನಿಲ್ಲ. ನೂರು ಡಾಲರ್ ಒಳಗೆ ಕಲಿಯಲು ಸಾಕಾಗುವ ರಾಡ್ ಸಿಗುತ್ತದೆ. ದುಡ್ಡು ಉಳಿದರೆ ರೀಲಿಗೆ ಹಾಕಿ. ಈ ಜೋಡಿಯಲ್ಲಿ ಅಗ್ಗದ ರಾಡನ್ನು ಸಹಿಸಬಹುದು, ಅಗ್ಗದ ರೀಲನ್ನು ಆಗುವುದಿಲ್ಲ.

ಮನೆಗೆ ತಂದ ಮೇಲೆ

ಮೊದಲ ವಾರ ನೀರಿನ ಹತ್ತಿರ ಹೋಗಬೇಡಿ. ಹಿತ್ತಲಿನ ಹುಲ್ಲಿನ ಮೇಲೆ ಒಂದು ಬಕೆಟ್ ಇಟ್ಟು, ಗಾಳವಿಲ್ಲದ ಗುಂಡು ಕಟ್ಟಿ ಎಸೆಯಿರಿ. ಸ್ಪೂಲಿನ ಓಟ ತಡೆಯುವ ರೀಲಿನ ಬ್ರೇಕ್ ಪೂರ್ತಿ ಬಿಗಿಯಿಂದ ಶುರು ಮಾಡಿ ದಿನಕ್ಕಿಷ್ಟು ಸಡಿಲ ಮಾಡಿ. ರಾಡ್ ಮುರಿಯುವುದು ಮೀನಿನಿಂದ ಅಪರೂಪ. ಕಾರಿನ ಬಾಗಿಲು, ಮನೆಯ ಫ್ಯಾನು ಇವೇ ಶತ್ರುಗಳು. ಮೀನು ಹತ್ತಿರ ಬಂದಾಗ ರಾಡನ್ನು ತಲೆಯ ಹಿಂದಕ್ಕೆ ಎತ್ತುವುದೂ ಅಪಾಯ. ಇಡೀ ಭಾರ ಸಪೂರ ತುದಿಯ ಮೇಲೆ ಬಿದ್ದು ಟಕ್ಕೆನ್ನುತ್ತದೆ.

ಟೆಕ್ಸಸ್‌ನಲ್ಲಿ 17 ವರ್ಷ ತುಂಬಿದವರಿಗೆ ಮೀನು ಹಿಡಿಯಲು ಪರವಾನಗಿ ಬೇಕು. ರಾಜ್ಯದ ಪಾರ್ಕುಗಳೊಳಗೆ ದಡದಲ್ಲಿ ನಿಂತು ಹಿಡಿಯುವವರಿಗೆ ಮಾತ್ರ ಬೇಡ, ಪ್ರವೇಶ ಶುಲ್ಕ ಕೊಟ್ಟರಾಯಿತು. ಆಸ್ಟಿನ್‌ನವರಿಗೆ ಮೆಕಿನ್ನಿ ಫಾಲ್ಸ್ ಪಾರ್ಕ್ ಹತ್ತಿರ. ಅಲ್ಲಿ ಹರಿಯುವುದು ಆನಿಯನ್ ಕ್ರೀಕ್. ನಮ್ಮನೆಯಲ್ಲಿ ಅದಕ್ಕೆ ಈರುಳ್ಳಿ ಹಳ್ಳ ಎಂದೇ ಹೆಸರು.

ಹೋದ ವರ್ಷ ಅಪ್ಪ ಬಂದಿದ್ದಾಗ ಆ ಹಳ್ಳಕ್ಕೆ ಕರೆದುಕೊಂಡು ಹೋಗಿದ್ದೆ. ರಾಡನ್ನು ಕೈಗೆ ತೆಗೆದುಕೊಂಡವರು ಮೇಲಿನ ಅಕ್ಷರ ಓದಲಿಲ್ಲ. ಬುಡ ಹಿಡಿದು ಎರಡು ಸಲ ಅಲ್ಲಾಡಿಸಿ ತುದಿ ನೋಡಿದರು. ‘ಇದು ಪರವಾಗಿಲ್ಲ ಕಣೋ’ ಎಂದರು.